ರಕ್ತದಾನ ಮಾಡಿದ ಮೇಲೆ ಹೆಪಟೈಟಿಸ್ ಬಿ ರಿಯಾಕ್ಟಿವ್ ಅಂತ ಗೊತ್ತಾಯಿತು. ಈ ರಿಪೋರ್ಟ್ ಓದುವುದು ಹೇಗೆ, ಮುಂದೇನು?

ಹೇಮಾವತಿ ದಡ · ಸೋಮವಾರ ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ವಯಸ್ಸು 34, ಹಾಸನದ ಕಡೆಯವನು. ರಾಜ್ಯೋತ್ಸವದ ದಿನ ನಮ್ಮ ಬಡಾವಣೆಯಲ್ಲಿ ರಕ್ತದಾನ ಶಿಬಿರ ಇತ್ತು. ಮೊದಲ ಸಲ ಕೊಟ್ಟೆ. ಎರಡು ವಾರ ಬಿಟ್ಟು ರಕ್ತನಿಧಿಯಿಂದ ಫೋನ್ ಬಂತು. "ಒಂದು ಸಲ ಬಂದು ಹೋಗಿ" ಅಂದರು. ಯಾಕೆ ಅಂತ ಫೋನಿನಲ್ಲಿ ಹೇಳಲಿಲ್ಲ. ಹೋದ ಮೇಲೆ ಹೆಪಟೈಟಿಸ್ ಬಿ ಇದೆ ಅಂದರು. ನಂಬಿಕೆ ಬರದೆ ಬೇರೆ ಲ್ಯಾಬಿನಲ್ಲಿ ಮತ್ತೆ ಮಾಡಿಸಿದೆ. ಕೊಟ್ಟ ಹಾಳೆಯಲ್ಲಿ ಇರುವುದು ಒಂದೇ ಸಾಲು:

ಎಚ್‌ಬಿಎಸ್‌ಎಜಿ – ರಿಯಾಕ್ಟಿವ್ – 3412.6 (ಕಟ್ ಆಫ್ 1.0)

ನಮ್ಮ ರಸ್ತೆಯ ಡಾಕ್ಟರಿಗೆ ತೋರಿಸಿದೆ. ವಯಸ್ಸಾದವರು, ಚಿಕ್ಕಂದಿನಿಂದ ನನ್ನನ್ನು ನೋಡಿದವರು. ಚೀಟಿಯಲ್ಲಿ "ಆಸ್ಟ್ರೇಲಿಯಾ ಆಂಟಿಜೆನ್ ಪಾಸಿಟಿವ್" ಅಂತ ಬರೆದು, ಲಿವರ್ ಡಾಕ್ಟರ ಹತ್ತಿರ ಹೋಗು ಅಂದರು. ಆಸ್ಟ್ರೇಲಿಯಾ ಅಂದರೆ ಇದು ಬೇರೆ ಕಾಯಿಲೆಯಾ? 3412 ಅಂದರೆ ಅಷ್ಟು ವೈರಸ್ ಇದೆ ಅಂತಲಾ? ನನಗೆ ಕಾಮಾಲೆ ಬಂದ ನೆನಪಿಲ್ಲ. ಕುಡಿಯುವುದಿಲ್ಲ. ಸುಸ್ತು, ನೋವು ಏನೂ ಇಲ್ಲ.

ಹೆಂಡತಿಗೆ ಈಗ ಐದು ತಿಂಗಳು. ಭಯ ಆಗಿರುವುದೇ ಅದಕ್ಕೆ. ಅವತ್ತಿನಿಂದ ನನ್ನ ತಟ್ಟೆ, ಲೋಟ ಬೇರೆ ಇಟ್ಟುಕೊಂಡಿದ್ದೇನೆ. ಇನ್ನೊಂದು ವಿಷಯ. ನನ್ನ ಸೋದರಮಾವ 46ನೇ ವಯಸ್ಸಿಗೆ ಹೊಟ್ಟೆಯಲ್ಲಿ ನೀರು ತುಂಬಿ ತೀರಿಕೊಂಡರು. ಕೊನೆಗೆ ಲಿವರಿನಲ್ಲಿ ಗಡ್ಡೆ ಇದೆ ಅಂದಿದ್ದರು. ಅವರೂ ಕುಡಿದವರಲ್ಲ. ಗೊತ್ತಿರುವವರು ದಯವಿಟ್ಟು ಹೇಳಿ.

ರಾಯಚೂರು ಬಿಸಿಲು · 10:52

ಗಾಬರಿ ಆಗಬೇಡಿ ಅಣ್ಣ. ನನ್ನ ಭಾವನಿಗೂ ಇದೆ, 15 ವರ್ಷ ಆಯಿತು, ಆರಾಮಾಗಿದ್ದಾರೆ.

ಲ್ಯಾಬ್ ಮೇಷ್ಟ್ರು · 11:05

18 ವರ್ಷದಿಂದ ಲ್ಯಾಬ್ ಟೆಕ್ನಿಶಿಯನ್. ನನ್ನ ಕೆಲಸದ ಭಾಗವಷ್ಟನ್ನು ಹೇಳುತ್ತೇನೆ.

ಎಚ್‌ಬಿಎಸ್‌ಎಜಿ ಅಂದರೆ ವೈರಸ್ಸಿನ ಹೊರಮೈ ಪ್ರೋಟೀನು. ರಕ್ತದಲ್ಲಿ ಅದು ಸಿಕ್ಕಿದೆ ಅಂದರೆ ವೈರಸ್ ಈಗ ಮೈಯಲ್ಲಿದೆ. ಆ 3412 ವೈರಸ್ಸಿನ ಲೆಕ್ಕ ಅಲ್ಲ. ಯಂತ್ರಕ್ಕೆ ನಿಮ್ಮ ಸ್ಯಾಂಪಲಿನಿಂದ ಸಿಕ್ಕ ಬೆಳಕಿನ ಅಳತೆಯನ್ನು ಕಟ್ ಆಫ್ ಅಳತೆಯಿಂದ ಭಾಗಿಸಿದರೆ ಬರುವ ಅಂಕಿ ಅದು. ಇವತ್ತು 3400, ಬೇರೆ ಕಂಪನಿ ಯಂತ್ರದಲ್ಲಿ 900 ಬರಬಹುದು. ಎರಡನ್ನೂ ಪಕ್ಕಪಕ್ಕ ಇಟ್ಟು ಕಾಯಿಲೆ ಕಮ್ಮಿ ಆಯಿತು ಅಂತ ಸಿಹಿ ಹಂಚಿದವರನ್ನು ನೋಡಿದ್ದೇನೆ. ಆ ಅಂಕಿ 1ರ ಆಸುಪಾಸಿನಲ್ಲಿದ್ದರೆ ಮಾತ್ರ ಅದಕ್ಕೆ ಬೆಲೆ. 1.4, 2.1 ಹೀಗೆ ಬಂದರೆ ಸುಳ್ಳು ಪಾಸಿಟಿವ್ ಇರಬಹುದು, ದೃಢಪಡಿಸುವ ಪರೀಕ್ಷೆ ಬೇಕು. ನಿಮ್ಮದು ಆ ಗುಂಪಲ್ಲ. ಎರಡು ಕಡೆ ಬಂದಿದೆ, ಅಂಕಿಯೂ ದೊಡ್ಡದು. ಇದೆ ಅಂತಲೇ ತಿಳಿಯಿರಿ.

ಆಸ್ಟ್ರೇಲಿಯಾ ಆಂಟಿಜೆನ್ ಅಂದರೂ ಇದೇ. 1960ರ ದಶಕದಲ್ಲಿ ಬರೂಕ್ ಬ್ಲೂಂಬರ್ಗ್ ಅವರು ಇದನ್ನು ಮೊದಲು ಗುರುತಿಸಿದ್ದು ಆಸ್ಟ್ರೇಲಿಯಾದ ಮೂಲನಿವಾಸಿಯೊಬ್ಬರ ರಕ್ತದಲ್ಲಿ. ಹಾಗಾಗಿ ಆ ಹೆಸರು. ಹಳೇ ಡಾಕ್ಟರುಗಳು ಈಗಲೂ ಹಾಗೇ ಬರೆಯುತ್ತಾರೆ.

ಹೇಮಾವತಿ ದಡ · 11:11

ಮೇಷ್ಟ್ರೇ, ತುಂಬ ಥ್ಯಾಂಕ್ಸ್. ಅಂದರೆ ನನ್ನ ಲಿವರ್ ಹಾಳಾಗಿದೆಯಾ ಇಲ್ಲವಾ ಅನ್ನುವುದು ಈ ಹಾಳೆಯಿಂದ ಗೊತ್ತಾಗುವುದಿಲ್ಲವಾ?

ಲ್ಯಾಬ್ ಮೇಷ್ಟ್ರು · 11:13

ಇಲ್ಲ. ಮನೆಯೊಳಗೆ ಯಾರೋ ಇದ್ದಾರೆ ಅಂತ ಗೊತ್ತಾಗಿದೆ. ಏನು ಮಾಡುತ್ತಿದ್ದಾರೆ ಅಂತ ಗೊತ್ತಾಗಿಲ್ಲ.

ಗದಗ ಡಾಕ್ಟರ್ · ಮಂಗಳವಾರ ಬೆಳಿಗ್ಗೆ 6:20

ಸರ್ಕಾರಿ ಆಸ್ಪತ್ರೆಯಲ್ಲಿ ಫಿಸಿಶಿಯನ್ ಆಗಿದ್ದೇನೆ. ಇಲ್ಲಿ ಬರೆದದ್ದು ಮಾಹಿತಿ, ಚಿಕಿತ್ಸೆ ನಿಮ್ಮನ್ನು ಮುಟ್ಟಿ ನೋಡುವವರೇ ಹೇಳಬೇಕು.

ಮೊದಲು ತಟ್ಟೆ, ಲೋಟ ಒಳಗೆ ತನ್ನಿ. ಒಂದೇ ತಟ್ಟೆಯಲ್ಲಿ ಉಂಡರೆ, ಕೆಮ್ಮಿದರೆ, ತಬ್ಬಿಕೊಂಡರೆ ಇದು ಹರಡುವುದಿಲ್ಲ. ರಕ್ತದಿಂದ, ಲೈಂಗಿಕ ಸಂಪರ್ಕದಿಂದ, ಹೆರಿಗೆಯ ಹೊತ್ತಿನಲ್ಲಿ ತಾಯಿಯಿಂದ ಮಗುವಿಗೆ ಹರಡುತ್ತದೆ. ಬೇರೆ ಇಡಬೇಕಾದ್ದು ರೇಜರ್, ಹಲ್ಲುಜ್ಜುವ ಬ್ರಶ್, ಉಗುರು ಕತ್ತರಿ. ಒಣಗಿದ ರಕ್ತದಲ್ಲೂ ಈ ವೈರಸ್ 7 ದಿನ ಬದುಕಿರಬಲ್ಲದು.

ಎರಡನೆಯದು ಹೆಂಡತಿ. ಅವರ ತಾಯಿ ಕಾರ್ಡ್ ತೆಗೆದು ನೋಡಿ. ಗರ್ಭಿಣಿಯರಿಗೆ ಎಚ್‌ಐವಿ, ಸಿಫಿಲಿಸ್ ಜೊತೆ ಎಚ್‌ಬಿಎಸ್‌ಎಜಿ ಪರೀಕ್ಷೆಯನ್ನೂ ಮಾಡಿರಬೇಕು. ಅದು ನೆಗೆಟಿವ್ ಇದ್ದರೂ ಈಗ ನಿಮ್ಮ ವಿಷಯ ಗೊತ್ತಾದ್ದರಿಂದ ಮೂರೂ ಪರೀಕ್ಷೆ ಮಾಡಿಸಿ: ಎಚ್‌ಬಿಎಸ್‌ಎಜಿ, ಆಂಟಿ ಎಚ್‌ಬಿಎಸ್ (ರಕ್ಷಣೆ ಕೊಡುವ ಆಂಟಿಬಾಡಿ ಇದೆಯಾ ಅಂತ), ಆಂಟಿ ಎಚ್‌ಬಿಸಿ ಟೋಟಲ್ (ವೈರಸ್ ಯಾವತ್ತಾದರೂ ಮೈಗೆ ಬಂದಿತ್ತಾ ಅಂತ). ರಕ್ಷಣೆ ಇಲ್ಲ ಅಂತ ಬಂದರೆ ಲಸಿಕೆ ಶುರು ಮಾಡಬಹುದು. ಗರ್ಭಿಣಿಯರಿಗೂ ಕೊಡಬಹುದಾದ ಲಸಿಕೆ ಇದು. ಅವರಿಗೆ ರಕ್ಷಣೆ ಬಂದಿದೆ ಅಂತ ಖಾತ್ರಿ ಆಗುವವರೆಗೆ ಕಾಂಡೋಮ್ ಬಳಸಿ.

ಮೂರನೆಯದು ನಿಮ್ಮ ಸೋದರಮಾವ. ಅಂದರೆ ತಾಯಿಯ ತಮ್ಮ ಅಥವಾ ಅಣ್ಣ ಅಲ್ವಾ? ಇದನ್ನು ಓದಿದ ಕೂಡಲೇ ನನಗೆ ನಿಮಗಿಂತ ನಿಮ್ಮ ತಾಯಿಯ ಯೋಚನೆ ಬಂತು. ಹುಟ್ಟುವಾಗ ವೈರಸ್ ಬಂದ ಮಕ್ಕಳಲ್ಲಿ 100ಕ್ಕೆ 90 ಜನರಲ್ಲಿ ಅದು ಹಾಗೇ ಉಳಿದುಬಿಡುತ್ತದೆ. ದೊಡ್ಡವರಾದ ಮೇಲೆ ಬಂದರೆ ಉಲ್ಟಾ, 95 ಜನರ ಮೈ ತಾನೇ ಅದನ್ನು ಹೊರಹಾಕುತ್ತದೆ. ಕಾಮಾಲೆಯೇ ಬರದೆ 34ಕ್ಕೆ ಸಿಕ್ಕಿದೆ, ತಾಯಿಯ ಮನೆಯಲ್ಲಿ ಲಿವರ್ ಕಾಯಿಲೆ ಇದೆ. ಬಹುಶಃ ಇದು ಅಜ್ಜಿಯ ಕಾಲದಿಂದ ಬಂದಿದೆ. ಅಮ್ಮನಿಗೆ, ಒಡಹುಟ್ಟಿದವರಿಗೆ ಈ ವಾರವೇ ಪರೀಕ್ಷೆ ಮಾಡಿಸಿ.

ನಿಮಗೆ ಮುಂದಿನ ಪರೀಕ್ಷೆ ಅಂದರೆ ಎಚ್‌ಬಿವಿ ಡಿಎನ್‌ಎ (ರಕ್ತದಲ್ಲಿ ವೈರಸ್ ಎಷ್ಟಿದೆ ಅನ್ನುವ ಲೆಕ್ಕ), ಎಚ್‌ಬಿಇಎಜಿ (ವೈರಸ್ಸಿನ ಇನ್ನೊಂದು ಪ್ರೋಟೀನು, 'ಇ'), ಆಂಟಿ ಎಚ್‌ಬಿಇ (ಆ 'ಇ'ಗೆ ಎದುರಾದ ಆಂಟಿಬಾಡಿ), ಲಿವರ್ ಫಂಕ್ಷನ್, ಪ್ಲೇಟ್‌ಲೆಟ್, ಹೊಟ್ಟೆ ಸ್ಕ್ಯಾನ್, ಸಾಧ್ಯವಾದರೆ ಫೈಬ್ರೋಸ್ಕ್ಯಾನ್ (ಲಿವರ್ ಎಷ್ಟು ಗಟ್ಟಿಯಾಗಿದೆ ಅಂತ ಅಳೆಯುವುದು). ಜೊತೆಗೆ ಹೆಪಟೈಟಿಸ್ ಸಿ, ಡಿ ಮತ್ತು ಎಚ್‌ಐವಿ.

ಚಾಮುಂಡಿ ತಪ್ಪಲು · 7:02

ಎಚ್‌ಐವಿ ಯಾಕೆ ಮೇಡಂ? ಸುಮ್ನೆ ಜನರನ್ನು ಇನ್ನಷ್ಟು ಹೆದರಿಸುವುದು ಯಾಕೆ?

ಗದಗ ಡಾಕ್ಟರ್ · 7:30

ಹೆದರಿಸಲು ಅಲ್ಲ. ಹೆಪಟೈಟಿಸ್ ಬಿಗೆ ಕೊಡುವ ಟೆನೊಫೊವಿರ್ ಎಚ್‌ಐವಿಗೂ ಕೊಡುವ ಮಾತ್ರೆ. ಗೊತ್ತಿಲ್ಲದೆ ಎಚ್‌ಐವಿ ಇರುವವರಿಗೆ ಅದೊಂದನ್ನೇ ಕೊಟ್ಟರೆ ಎಚ್‌ಐವಿ ಆ ಮಾತ್ರೆಗೆ ಬಗ್ಗದಂತಾಗುತ್ತದೆ. ಅದಕ್ಕೆ ಶುರು ಮಾಡುವ ಮೊದಲು ನೋಡುತ್ತೇವೆ.

ಕುಂದಾಪುರ ಕಡಲು · 8:15

ನನ್ನ ಕಥೆ ಹೇಳುತ್ತೇನೆ. ನಮ್ಮ ಕಡೆ ಬಹಳ ಜನಕ್ಕೆ ಇದು ಗೊತ್ತಾಗುವುದೇ ಗಲ್ಫ್ ಮೆಡಿಕಲ್‌ನಲ್ಲಿ. 2014ರಲ್ಲಿ ವೀಸಾ ಬಂದಿತ್ತು, ಟಿಕೆಟ್ ಒಂದು ಬಾಕಿ. ಎದೆ ಎಕ್ಸ್‌ರೇ, ರಕ್ತ ಎಲ್ಲ ಕೊಟ್ಟು ಬಂದೆ. ಮರುದಿನ ಕಾಗದದ ಮೇಲೆ ಕೆಂಪು ಸೀಲು: ಅನ್‌ಫಿಟ್. ಯಾಕೆ ಅಂತ ಕೇಳಿದರೆ ಕೌಂಟರಿನವ "ಎಚ್‌ಬಿಎಸ್‌ಎಜಿ" ಅಂದ, ಮುಂದಿನವರನ್ನು ಕರೆದ. ಅಷ್ಟೇ. ಡಾಕ್ಟರಿಗೆ ತೋರಿಸಿ ಅಂತಲೂ ಯಾರೂ ಹೇಳಲಿಲ್ಲ.

ಏಜೆಂಟ್ ಒಬ್ಬ ದುಡ್ಡು ಕೊಟ್ಟರೆ ನೆಗೆಟಿವ್ ಮಾಡಿಸುತ್ತೇನೆ ಅಂದ. ಇನ್ನೊಬ್ಬ ಮೂರು ತಿಂಗಳ ಕಷಾಯ ಮಾರಿದ. ಅಪ್ಪನ ಹತ್ತಿರ ಇದ್ದ ದುಡ್ಡೆಲ್ಲ ಹೋಯಿತು. ಆಮೇಲೆ ಆರು ವರ್ಷ ಅದರ ಸುದ್ದಿಗೇ ಹೋಗಲಿಲ್ಲ. ನಾಚಿಕೆ. ಮನೆಯವರಿಗೆ ಕಿವಿಯಲ್ಲಿ ತೊಂದರೆ ಅಂತ ಸುಳ್ಳು ಹೇಳಿದ್ದೆ. 2020ರಲ್ಲಿ ಬೇರೆ ಏನಕ್ಕೋ ಸ್ಕ್ಯಾನ್ ಮಾಡಿದಾಗ ಲಿವರ್ ಒರಟಾಗಿದೆ ಅಂದರು. ಈಗ ವೈರಸ್ ತಡೆಯುವ ಎಂಟೆಕಾವಿರ್ ಮಾತ್ರೆ ತಗೊಳ್ಳುತ್ತಿದ್ದೇನೆ, ದಿನಕ್ಕೆ ಒಂದು, ಖಾಲಿ ಹೊಟ್ಟೆಗೆ. ಆ ಆರು ವರ್ಷ ವಾಪಸ್ ಬರುವುದಿಲ್ಲ. ಅಣ್ಣ, ನೀವು ಎರಡೇ ವಾರದಲ್ಲಿ ಕೇಳುತ್ತಿದ್ದೀರಿ. ಅದೇ ದೊಡ್ಡ ವಿಷಯ.

ಸಾಗರದ ತೋಟ · 9:40

ಎಲ್ಲರೂ ಇಂಗ್ಲಿಷ್ ಔಷಧಿಯನ್ನೇ ಹೇಳುತ್ತಿದ್ದೀರಿ. ನಮ್ಮ ಕಡೆ ಕಾಮಾಲೆಗೆ ನೆಲನೆಲ್ಲಿ ಅರೆದು ಹಾಲಿನಲ್ಲಿ ಕೊಡುತ್ತಾರೆ. ಮೂರು ದಿನ, ಉಪ್ಪು ಖಾರ ಬಿಟ್ಟು ಪಥ್ಯ. ನನ್ನ ಕಣ್ಣೆದುರಿಗೆ ಎಷ್ಟೋ ಜನ ಗುಣ ಆಗಿದ್ದಾರೆ. ಅಜ್ಜನ ಕಾಲದಿಂದ ಬಂದ ವಿದ್ಯೆ. ಅದನ್ನೂ ಒಂದು ಸಲ ನೋಡಿ.

ಲ್ಯಾಬ್ ಮೇಷ್ಟ್ರು · 9:48

ದಯವಿಟ್ಟು ಬೇಡ. ಇವರಿಗೆ ಕಾಮಾಲೆಯೇ ಇಲ್ಲ. ಯಾವುದಕ್ಕೆ ಮದ್ದು?

ಸಾಗರದ ತೋಟ · 9:55

ಒಳಗೆ ಇರುವುದಕ್ಕೆ. ಗುಣ ಆದವರೆಲ್ಲ ಸುಳ್ಳು ಹೇಳುತ್ತಾರಾ?

ಗದಗ ಡಾಕ್ಟರ್ · ಮಧ್ಯಾಹ್ನ 1:35

ಸುಳ್ಳು ಹೇಳುತ್ತಿಲ್ಲ. ಊರಲ್ಲಿ ಕಣ್ಣು ಹಳದಿಯಾಗಿ ಬರುವವರಲ್ಲಿ ಹೆಚ್ಚಿನವರಿಗೆ ಇರುವುದು ನೀರು, ಊಟದಿಂದ ಬರುವ ಹೆಪಟೈಟಿಸ್ ಎ ಅಥವಾ ಇ. ಅದು ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾನೇ ಇಳಿಯುತ್ತದೆ. ಮದ್ದು ಕುಡಿದರೂ ಇಳಿಯುತ್ತದೆ, ಕುಡಿಯದಿದ್ದರೂ ಇಳಿಯುತ್ತದೆ. ಹೆಸರು ಮದ್ದಿಗೆ ಬರುತ್ತದೆ.

ನೆಲನೆಲ್ಲಿಯನ್ನು ವಿಜ್ಞಾನಿಗಳು ಕಡೆಗಣಿಸಿದ್ದಾರೆ ಅನ್ನುವುದೂ ಸರಿಯಲ್ಲ. 1988ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಮದ್ರಾಸಿನ ಸಂಶೋಧಕರ ಲೇಖನ ಬಂತು. ಮೇಷ್ಟ್ರು ಹೇಳಿದ ಅದೇ ಬ್ಲೂಂಬರ್ಗ್ ಕೂಡ ಅದರ ಲೇಖಕರಲ್ಲಿ ಒಬ್ಬರು, ಆಗಲೇ ನೊಬೆಲ್ ಪಡೆದಿದ್ದವರು. ನೆಲನೆಲ್ಲಿಯ ಜಾತಿಯ ಗಿಡದ ಪುಡಿಯನ್ನು 30 ದಿನ ಕೊಟ್ಟಾಗ 37 ಜನರಲ್ಲಿ 22 ಜನರ ರಕ್ತದಲ್ಲಿ ಎಚ್‌ಬಿಎಸ್‌ಎಜಿ ಮಾಯವಾಯಿತು ಅಂತ ವರದಿ. ಎಲ್ಲರೂ ಖುಷಿಪಟ್ಟರು. ಬೇರೆ ಬೇರೆ ಕಡೆ ಮತ್ತೆ ಮಾಡಿ ನೋಡಿದರು. ಆ ಫಲ ಮತ್ತೆ ಸಿಗಲಿಲ್ಲ. ಸಿಕ್ಕಿದ್ದರೆ ನಾನೇ ಬರೆದು ಕೊಡುತ್ತಿದ್ದೆ, ಗಿಡ ನಮ್ಮ ಆಸ್ಪತ್ರೆಯ ಹಿಂದೆಯೇ ಬೆಳೆಯುತ್ತದೆ.

ನನ್ನ ಸಿಟ್ಟು ಗಿಡದ ಮೇಲಲ್ಲ. ಮದ್ದು ಕುಡಿದೆ, ವಾಸಿಯಾಯಿತು ಅಂದುಕೊಂಡು ಪರೀಕ್ಷೆ ಬಿಟ್ಟುಬಿಡುತ್ತಾರಲ್ಲ, ಅದರ ಮೇಲೆ. ಕೈಗೆ ಬರೆ ಹಾಕಿಸಿಕೊಂಡು ಬಂದವರನ್ನು ಈಗಲೂ ನೋಡುತ್ತೇನೆ. ಆ ಹೊತ್ತಿಗೆ ಹೊಟ್ಟೆಯಲ್ಲಿ ನೀರು ತುಂಬಿರುತ್ತದೆ.

ಸಾಗರದ ತೋಟ · 2:10

ಬರೆ ಹಾಕುವುದನ್ನು ನಾನೂ ಒಪ್ಪುವುದಿಲ್ಲ. ಗಿಡದ ವಿಷಯದಲ್ಲಿ ನನ್ನ ನಂಬಿಕೆ ನನಗೆ. ಆದರೆ ಪರೀಕ್ಷೆ ಬಿಡಬೇಡಿ ಅನ್ನುವುದು ಸರಿ. ನಮ್ಮೂರಲ್ಲಿ ಮದ್ದು ಕೊಡುವ ಅಜ್ಜಿಗೂ ಹೇಳುತ್ತೇನೆ, ಮೊದಲು ರಕ್ತ ತೋರಿಸಿಕೊಂಡು ಬಾ ಅನ್ನಲಿ.

ನ್ಯೂಜೆರ್ಸಿ ಕನ್ನಡಿಗ · 7:50

ಇಲ್ಲಿ ಅಮೆರಿಕದಲ್ಲಿ 2023ರಿಂದ ಸಿಡಿಸಿ (ಇಲ್ಲಿನ ಸರ್ಕಾರಿ ರೋಗ ನಿಯಂತ್ರಣ ಸಂಸ್ಥೆ) ಹೇಳುವುದು 18 ದಾಟಿದ ಪ್ರತಿಯೊಬ್ಬರೂ ಜೀವನದಲ್ಲಿ ಒಮ್ಮೆಯಾದರೂ ಆ ಮೂರೂ ಪರೀಕ್ಷೆ ಮಾಡಿಸಿಕೊಳ್ಳಬೇಕು ಅಂತ. ನಾನು ಮಾಡಿಸಿದಾಗ ಆಂಟಿ ಎಚ್‌ಬಿಸಿ ಪಾಸಿಟಿವ್ ಬಂತು, ಉಳಿದ ಎರಡೂ ನೆಗೆಟಿವ್. ಡಾಕ್ಟರೇ ಸ್ವಲ್ಪ ಹೊತ್ತು ಯೋಚನೆ ಮಾಡಿದರು. ಯಾವತ್ತೋ ಬಂದು ಹೋಗಿ, ಕಾಲ ಕಳೆದಂತೆ ಆಂಟಿಬಾಡಿ ಇಳಿದಿರಬಹುದು, ಇಲ್ಲ ಸುಳ್ಳು ಪಾಸಿಟಿವ್ ಇರಬಹುದು ಅಂದರು. ಡಿಎನ್‌ಎ ನೋಡಿದರು, ಇರಲಿಲ್ಲ.

ಎಲ್ಲಿಂದ ಬಂತು ಅಂತ ಯೋಚಿಸಿದರೆ ನನಗೆ ನೆನಪಾಗುವುದು ನಮ್ಮೂರಿನ ಕಾಂಪೌಂಡರ್. 1980ರ ದಶಕ. ಸ್ಟೀಲ್ ಡಬ್ಬಿಯಲ್ಲಿ ಗಾಜಿನ ಸಿರಿಂಜು, ಎರಡು ಮೂರು ಸೂಜಿ. ಸ್ಟವ್ ಮೇಲೆ ನೀರು ಕುದಿಯುತ್ತಿತ್ತು. ಸರದಿ ಉದ್ದ ಇದ್ದ ದಿನ ಕುದಿಯುವ ಮೊದಲೇ ತೆಗೆದು ಚುಚ್ಚುತ್ತಿದ್ದರು. ಪಾಪ, ಒಳ್ಳೆಯ ಮನುಷ್ಯ, ರಾತ್ರಿ ಎರಡಕ್ಕೆ ಕರೆದರೂ ಬರುತ್ತಿದ್ದರು.

ರಾಯಚೂರು ಬಿಸಿಲು · 8:05

ನಮ್ಮ ಕಡೆ ಈಗಲೂ ಜ್ವರ ಬಂದರೆ "ಸೂಜಿ ಹಾಕ್ರಿ" ಅಂತಲೇ ಕೇಳುತ್ತಾರೆ. ಮಾತ್ರೆ ಕೊಟ್ಟರೆ ಡಾಕ್ಟರೇ ಅಲ್ಲ ಅನ್ನುತ್ತಾರೆ.

ಲ್ಯಾಬ್ ಮೇಷ್ಟ್ರು · 8:20

2009ರಲ್ಲಿ ಗುಜರಾತಿನ ಮೊಡಾಸಾದಲ್ಲಿ ಆಗಿದ್ದು ಅದೇ. ಬಳಸಿದ ಸಿರಿಂಜು ಮತ್ತೆ ಬಳಸಿ ಹೆಪಟೈಟಿಸ್ ಬಿ ಹಬ್ಬಿತು, ತುಂಬ ಜನ ಸತ್ತರು. ಎಲ್ಲೇ ಇಂಜೆಕ್ಷನ್ ತಗೊಂಡರೂ ಪ್ಯಾಕೆಟ್ ನಿಮ್ಮೆದುರಿಗೆ ಹರಿಯಲಿ. ಸಲೂನಿನಲ್ಲಿ ಬ್ಲೇಡೂ ಅಷ್ಟೇ. ಜಾತ್ರೆಯಲ್ಲಿ ಹಚ್ಚೆ ಹಾಕುವವರ ಸೂಜಿಯೂ ಅಷ್ಟೇ.

ಪುಟ್ಟಿಯ ಅಮ್ಮ · 9:30

ನಾನು ಪಾಸಿಟಿವ್. ಮೊದಲ ಬಸಿರಿನಲ್ಲಿ ತಾಯಿ ಕಾರ್ಡಿನಿಂದಲೇ ಗೊತ್ತಾಗಿದ್ದು. ಅತ್ತೆ ಮನೆಯಲ್ಲಿ ಆಗಿದ್ದನ್ನು ಬರೆಯಲು ಇಷ್ಟವಿಲ್ಲ. ಮಗುವಿನ ವಿಷಯ ಮಾತ್ರ ಹೇಳುತ್ತೇನೆ.

ನನ್ನ ಡಿಎನ್‌ಎ 2 ಲಕ್ಷಕ್ಕಿಂತ ಜಾಸ್ತಿ ಇತ್ತು. ಏಳನೇ ತಿಂಗಳಿನಿಂದ ಟೆನೊಫೊವಿರ್ ಕೊಟ್ಟರು, ಮಗುವಿಗೆ ಹೋಗದಿರಲಿ ಅಂತ. ಹೆರಿಗೆಗೆ ಮೊದಲೇ ಇಮ್ಯುನೊಗ್ಲಾಬ್ಯುಲಿನ್ (ಮಗುವಿಗೆ ಕೊಡುವ ಸಿದ್ಧ ಆಂಟಿಬಾಡಿ ಇಂಜೆಕ್ಷನ್) ಸಿಗುತ್ತದಾ ಅಂತ ಕೇಳಿದರೆ ಸ್ಟಾಕ್ ಇಲ್ಲ ಅಂದರು. ಗಂಡ ಎರಡು ಊರು ಸುತ್ತಿ ತಂದರು. ಥರ್ಮೋಕೋಲ್ ಡಬ್ಬಿ, ಒಳಗೆ ಐಸ್ ಪ್ಯಾಕ್, ಅದರ ಮೇಲೆ ಚಿಕ್ಕ ಬಾಟಲಿ. ಬಸ್ಸಿನಲ್ಲಿ ಆ ಡಬ್ಬಿಯನ್ನು ತೊಡೆ ಮೇಲಿಂದ ಇಳಿಸಲಿಲ್ಲವಂತೆ. ಪುಟ್ಟಿ ಹುಟ್ಟಿ ಎರಡು ಗಂಟೆಯೊಳಗೆ ಒಂದು ತೊಡೆಗೆ ಅದು, ಇನ್ನೊಂದು ತೊಡೆಗೆ ಲಸಿಕೆ. ಎದೆಹಾಲು ಕುಡಿಸಬಹುದು ಅಂದರು, ಕುಡಿಸಿದೆ. ಒಂದು ವರ್ಷಕ್ಕೆ ಅವಳ ರಕ್ತ ನೋಡಿದರು. ಎಚ್‌ಬಿಎಸ್‌ಎಜಿ ಇಲ್ಲ, ಆಂಟಿಬಾಡಿ 600 ದಾಟಿತ್ತು.

ಅಣ್ಣ, ನಿಮ್ಮ ಹೆಂಡತಿಗೆ ಇಲ್ಲದಿದ್ದರೆ ಇಮ್ಯುನೊಗ್ಲಾಬ್ಯುಲಿನ್ ಬೇಡ. ಆದರೆ ಹುಟ್ಟಿದ 24 ಗಂಟೆಯೊಳಗಿನ ಲಸಿಕೆ ಎಲ್ಲ ಮಕ್ಕಳಿಗೂ ಇದೆ. ಅದು ಆಗಿದೆಯಾ ಅಂತ ನೀವೇ ನಿಂತು ನೋಡಿ. ಭಾನುವಾರ, ಹಬ್ಬ ಅಂದರೆ ತಪ್ಪಿಹೋಗುತ್ತದೆ.

ಹೇಮಾವತಿ ದಡ · ಬುಧವಾರ ಬೆಳಿಗ್ಗೆ 7:15

ಪುಟ್ಟಿಯ ಅಮ್ಮ, ನಿಮ್ಮದನ್ನು ಹೆಂಡತಿಗೆ ಓದಿ ಹೇಳಿದೆ. ಅವಳೇ ಎದ್ದು ಹೋಗಿ ತಾಯಿ ಕಾರ್ಡ್ ತಂದಳು. ಮೂರನೇ ತಿಂಗಳ ಪುಟದಲ್ಲಿ ನೀಲಿ ಪೆನ್ನಿನಲ್ಲಿ "ಎನ್‌ಆರ್" ಅಂತ ಸಣ್ಣಕ್ಷರ, ಅಂದರೆ ನಾನ್ ರಿಯಾಕ್ಟಿವ್. ಇಷ್ಟು ದಿನ ಅದು ಅಲ್ಲೇ ಇತ್ತು, ನಾವು ಓದಿರಲಿಲ್ಲ. ನನ್ನ ಲೋಟವನ್ನೂ ಅವಳೇ ಒಳಗೆ ಇಟ್ಟಳು.

ನಿರ್ವಾಹಕರು · 7:40

ಮೇಲೆ ಒಬ್ಬರು ಹಾಕಿದ್ದ ರಿಪೋರ್ಟ್ ಫೋಟೋ ತೆಗೆದಿದ್ದೇವೆ, ಹೆಸರು, ಫೋನ್ ನಂಬರ್ ಕಾಣುತ್ತಿತ್ತು. ಅಂಕಿಗಳನ್ನು ಟೈಪ್ ಮಾಡಿ ಹಾಕಿ.

ಹೇಮಾವತಿ ದಡ · 9 ದಿನಗಳ ನಂತರ

ಎಲ್ಲ ರಿಪೋರ್ಟ್ ಬಂತು. ಮೊದಲು ನನ್ನದು. ಎಚ್‌ಬಿಇಎಜಿ ನಾನ್ ರಿಯಾಕ್ಟಿವ್, ಆಂಟಿ ಎಚ್‌ಬಿಇ ರಿಯಾಕ್ಟಿವ್. ಡಿಎನ್‌ಎ 4,860. ಲಿವರ್ ಫಂಕ್ಷನ್‌ನಲ್ಲಿ ಎಸ್‌ಜಿಪಿಟಿ 41, ಎಸ್‌ಜಿಒಟಿ 36 (ಲಿವರಿನ ಕಿಣ್ವಗಳಂತೆ). ಪ್ಲೇಟ್‌ಲೆಟ್ 2.1 ಲಕ್ಷ. ಫೈಬ್ರೋಸ್ಕ್ಯಾನ್ 6.1. ಸಿ, ಡಿ, ಎಚ್‌ಐವಿ ಎಲ್ಲ ಇಲ್ಲ.

ಹೆಂಡತಿಗೆ ಮೂರೂ ನೆಗೆಟಿವ್. ಮೊದಲ ಡೋಸ್ ಲಸಿಕೆ ಆಯಿತು.

ಅಕ್ಕ, 38 ವರ್ಷ: ಎಚ್‌ಬಿಎಸ್‌ಎಜಿ ನೆಗೆಟಿವ್, ಆಂಟಿ ಎಚ್‌ಬಿಸಿ ಪಾಸಿಟಿವ್, ಆಂಟಿ ಎಚ್‌ಬಿಎಸ್ 240. ಪಾಸಿಟಿವ್ ಅಂತ ನೋಡಿ ಅಳುತ್ತಿದ್ದಾಳೆ. ಇದನ್ನು ಯಾರಾದರೂ ಬಿಡಿಸಿ ಹೇಳಿ.

ಅಮ್ಮ, 58 ವರ್ಷ: ಎಚ್‌ಬಿಎಸ್‌ಎಜಿ ರಿಯಾಕ್ಟಿವ್. ಎಸ್‌ಜಿಒಟಿ 62. ಪ್ಲೇಟ್‌ಲೆಟ್ 98 ಸಾವಿರ.

ಲ್ಯಾಬ್ ಮೇಷ್ಟ್ರು · ಅದೇ ದಿನ

ಅಕ್ಕನಿಗೆ ಮೊದಲು ಸಮಾಧಾನ ಹೇಳಿ. ಆಂಟಿ ಎಚ್‌ಬಿಸಿ ಅಂದರೆ ವೈರಸ್ ಯಾವತ್ತೋ ಮೈಗೆ ಬಂದಿತ್ತು ಅಂತ. ಲಸಿಕೆಯಿಂದ ಇದು ಬರುವುದಿಲ್ಲ. ಎಚ್‌ಬಿಎಸ್‌ಎಜಿ ಇಲ್ಲ ಅಂದರೆ ಈಗ ಸೋಂಕಿಲ್ಲ. ಆಂಟಿ ಎಚ್‌ಬಿಎಸ್ 10ಕ್ಕಿಂತ ಮೇಲಿದ್ದರೆ ರಕ್ಷಣೆ, ಅವರದು 240. ಬಂತು, ಹೋಯಿತು. ಒಂದೇ ಮನೆ, ಒಂದೇ ತಾಯಿ, ಆದರೂ ಒಬ್ಬರ ಮೈ ಓಡಿಸಿದೆ, ಇನ್ನೊಬ್ಬರದು ಓಡಿಸಿಲ್ಲ.

ಗದಗ ಡಾಕ್ಟರ್ · ಅದೇ ದಿನ

ಮೇಷ್ಟ್ರು ಸರಿಯಾಗಿ ಹೇಳಿದ್ದಾರೆ. ಒಂದು ಸೇರಿಸುತ್ತೇನೆ. ಅಕ್ಕನಿಗೆ ಮುಂದೆ ಯಾವತ್ತಾದರೂ ಕೀಮೋ, ರಿಟುಕ್ಸಿಮ್ಯಾಬ್, ದೀರ್ಘಕಾಲ ಸ್ಟೀರಾಯ್ಡ್ ಹೀಗೆ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ಅಂತ ಬಂದರೆ "ನನಗೆ ಆಂಟಿ ಎಚ್‌ಬಿಸಿ ಪಾಸಿಟಿವ್" ಅಂತ ಮೊದಲೇ ಹೇಳಬೇಕು. ಮೂಲೆಯಲ್ಲಿ ಮಲಗಿರುವ ವೈರಸ್ ಆಗ ಏಳಬಹುದು. ಈ ಹಾಳೆಯನ್ನು ಜೋಪಾನವಾಗಿ ಇಟ್ಟುಕೊಳ್ಳಲಿ.

ಅಮ್ಮನ ಪ್ಲೇಟ್‌ಲೆಟ್ ನೋಡಿ ನನಗೆ ಸಮಾಧಾನ ಇಲ್ಲ. ನಾಳೆಯೇ ಕರೆದುಕೊಂಡು ಹೋಗಿ.

ಚಾಮುಂಡಿ ತಪ್ಪಲು · ಅದೇ ದಿನ

ಹೇಮಾವತಿಯವರೇ, ನಿಮಗೆ ಇ (ಎಚ್‌ಬಿಇಎಜಿ) ನೆಗೆಟಿವ್ ಬಂದಿದೆ ಅಂದರೆ ನೀವು ಬರೀ ಕ್ಯಾರಿಯರ್. ಎಸ್‌ಜಿಪಿಟಿ ಕೂಡ ನಾರ್ಮಲ್, ಲ್ಯಾಬಿನವರು 50ರ ತನಕ ನಾರ್ಮಲ್ ಅಂತಾರೆ. ಮಾತ್ರೆ ಶುರು ಮಾಡಿದರೆ ಜೀವನಪೂರ್ತಿ. ಅವಸರ ಮಾಡಬೇಡಿ. ನನ್ನ ತಮ್ಮನಿಗೆ ಹೀಗೇ ಇತ್ತು, ಸುಮ್ನೆ ನೋಡೋಣ ಅಂದರು.

ಅಂಕಿ ಸಂಖ್ಯೆ · ಅದೇ ದಿನ

ಒಪ್ಪುವುದಿಲ್ಲ. ಇ ನೆಗೆಟಿವ್ ಅಂದರೆ ವೈರಸ್ ಹೋಯಿತು ಅಂತಲ್ಲ. ಇ ಪ್ರೋಟೀನನ್ನೇ ತಯಾರಿಸದೆ ವೈರಸ್ ಬೆಳೆಯುವ ರೂಪಾಂತರ ಇದೆ. 2015ರ ಡಬ್ಲ್ಯುಎಚ್‌ಒ (ವಿಶ್ವ ಆರೋಗ್ಯ ಸಂಸ್ಥೆ) ಸೂಚನೆಯಲ್ಲಿ ಮಾತ್ರೆ ಶುರು ಮಾಡಲು ಡಿಎನ್‌ಎ 20,000 ದಾಟಬೇಕಿತ್ತು. 2024ರಲ್ಲಿ ಅದನ್ನು 2,000ಕ್ಕೆ ಇಳಿಸಿದರು, ಎಸ್‌ಜಿಪಿಟಿ ನಾರ್ಮಲ್‌ಗಿಂತ ಮೇಲಿದ್ದರೆ ಸಾಕು. ಅವರ ಪ್ರಕಾರ ಗಂಡಸರಿಗೆ ನಾರ್ಮಲ್ 30, ಹೆಂಗಸರಿಗೆ 19. ಲ್ಯಾಬಿನ ಹಾಳೆಯ ಪಕ್ಕದಲ್ಲಿ ಅಚ್ಚಾದ 50 ಅಲ್ಲ. ಇವರ 41 ಮೇಲಿದೆ. ಕುಟುಂಬದಲ್ಲಿ ಲಿವರ್ ಗಡ್ಡೆ ಇದ್ದದ್ದೂ ಲೆಕ್ಕಕ್ಕೆ ಬರುತ್ತದೆ.

ಇನ್ನೊಂದು ಲೆಕ್ಕ, ಯಾರು ಬೇಕಾದರೂ ಮಾಡಬಹುದು. ಎಸ್‌ಜಿಒಟಿಯನ್ನು 40ರಿಂದ ಭಾಗಿಸಿ, ಅದನ್ನು ಸಾವಿರಗಳಲ್ಲಿರುವ ಪ್ಲೇಟ್‌ಲೆಟ್‌ನಿಂದ ಭಾಗಿಸಿ, 100ರಿಂದ ಗುಣಿಸಿ. ಎಪಿಆರ್‌ಐ ಅಂತ ಹೆಸರು. ಇವರದು 0.43. 0.5 ದಾಟಿದರೆ ಲಿವರಿನಲ್ಲಿ ಗಾಯದ ಕಲೆ ಇರಬಹುದು, 1 ದಾಟಿದರೆ ಸಿರೋಸಿಸ್ (ಕಲೆ ಲಿವರಿನ ತುಂಬ ಹಬ್ಬಿ ಅದು ಗಟ್ಟಿಯಾಗುವುದು) ಇರಬಹುದು. ಅಮ್ಮನದು 1.58 ಬರುತ್ತದೆ. ಬರೆಯಲು ಮನಸ್ಸಿಲ್ಲ, ಆದರೆ ಗೊತ್ತಿರಲಿ.

ಚಾಮುಂಡಿ ತಪ್ಪಲು · ಅದೇ ದಿನ

2024ರದು ನನಗೆ ಗೊತ್ತಿರಲಿಲ್ಲ. ತಮ್ಮನನ್ನು ತೋರಿಸಿ ಮೂರು ವರ್ಷ ಆಯಿತು. "ನೋಡೋಣ" ಅಂದ ಮೇಲೆ ಯಾರೂ ನೋಡಲೇ ಇಲ್ಲ.

ಗದಗ ಡಾಕ್ಟರ್ · ಅದೇ ದಿನ

ಅದೇ ಆಗುವುದು. ನೋಡೋಣ ಅಂದರೆ ಆರು ತಿಂಗಳಿಗೊಮ್ಮೆ ಎಸ್‌ಜಿಪಿಟಿ, ವರ್ಷಕ್ಕೊಮ್ಮೆಯಾದರೂ ಡಿಎನ್‌ಎ ಅಂತ ಅರ್ಥ. ಸಿರೋಸಿಸ್ ಇರುವವರಿಗೆ, ಮನೆಯಲ್ಲಿ ಲಿವರ್ ಕ್ಯಾನ್ಸರ್ ಆದವರಿಗೆ ಆರು ತಿಂಗಳಿಗೊಮ್ಮೆ ಸ್ಕ್ಯಾನ್ ಕೂಡ ಬೇಕು. ಈ ವೈರಸ್ ಸಿರೋಸಿಸ್ ಇಲ್ಲದೆಯೂ ಕ್ಯಾನ್ಸರ್ ತರಬಲ್ಲದು. ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ತಮ್ಮನನ್ನು ಈ ತಿಂಗಳೇ ಕಳಿಸಿ.

ಕುಂದಾಪುರ ಕಡಲು · ಮರುದಿನ

ಜೀವನಪೂರ್ತಿ ಮಾತ್ರೆ ಅಂತ ನಾನೂ ಹೆದರಿದ್ದೆ. ನನ್ನ ಡಾಕ್ಟರ್ ಹೀಗೆ ಹೇಳಿದರು: ವೈರಸ್ ಲಿವರಿನ ಜೀವಕೋಶದ ಒಳಗೆ, ಅದರ ಕೇಂದ್ರದಲ್ಲಿ, ತನ್ನ ಡಿಎನ್‌ಎಯ ಒಂದು ಉಂಗುರ ಬಿಟ್ಟಿರುತ್ತದೆ. ಮಾತ್ರೆ ಆ ಉಂಗುರದಿಂದ ಹೊಸ ವೈರಸ್ ಆಗುವುದನ್ನು ತಡೆಯುತ್ತದೆ, ಉಂಗುರವನ್ನು ಕೀಳುವುದಿಲ್ಲ. ಅದಕ್ಕೆ ಡಿಎನ್‌ಎ ಸೊನ್ನೆ ಬಂತು ಅಂತ ನಾವೇ ನಿಲ್ಲಿಸಬಾರದು. ನನಗೆ ಗೊತ್ತಿರುವ ಒಬ್ಬರು ನಿಲ್ಲಿಸಿದರು. ಎರಡೇ ತಿಂಗಳಲ್ಲಿ ಎಸ್‌ಜಿಪಿಟಿ 1,100.

ದುಡ್ಡಿನ ಚಿಂತೆ ಇದ್ದರೆ ಕೇಳಿ. ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ 2018ರಿಂದ ಇದೆ. ಪರೀಕ್ಷೆ, ಮಾತ್ರೆ ಉಚಿತ. ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ, ಇಲ್ಲ 104ಕ್ಕೆ ಫೋನ್ ಮಾಡಿ ಎಲ್ಲಿ ಸಿಗುತ್ತದೆ ಕೇಳಿ.

ಹೇಮಾವತಿ ದಡ · 3 ವಾರಗಳ ನಂತರ

ತಡವಾಯಿತು, ಓಡಾಟ ಜಾಸ್ತಿ ಇತ್ತು.

ಅಮ್ಮನಿಗೆ ಫೈಬ್ರೋಸ್ಕ್ಯಾನ್ 15.8. ಡಿಎನ್‌ಎ 38,000. ಸಿರೋಸಿಸ್ ಅಂದರು. ಆದರೆ ಲಿವರ್ ಇನ್ನೂ ಕೆಲಸ ಮಾಡುತ್ತಿದೆ, ಹೊಟ್ಟೆಯಲ್ಲಿ ನೀರಿಲ್ಲ, ಸ್ಕ್ಯಾನಿನಲ್ಲಿ ಗಡ್ಡೆ ಇಲ್ಲ. ಎಂಡೋಸ್ಕೋಪಿಯಲ್ಲಿ ಅನ್ನನಾಳದ ರಕ್ತನಾಳ ಉಬ್ಬಿಲ್ಲ. ಟೆನೊಫೊವಿರ್ ಶುರುವಾಗಿದೆ. ಕಿಡ್ನಿಗೆ ಅಂತ ಕ್ರಿಯಾಟಿನಿನ್ ನೋಡುತ್ತಿರಬೇಕು ಅಂದರು. ನನಗೂ ಅದೇ ಮಾತ್ರೆ ಬರೆದಿದ್ದಾರೆ. ಅಮ್ಮ, ನಾನು ಇಬ್ಬರೂ ರಾತ್ರಿ ಊಟ ಆದ ಮೇಲೆ ಒಟ್ಟಿಗೆ ತಗೊಳ್ಳುತ್ತೇವೆ. ಅಮ್ಮನೇ ಡಬ್ಬಿ ತೆಗೆದು ನನ್ನ ಕೈಗೆ ಒಂದು ಹಾಕುತ್ತಾರೆ, ಪ್ರಸಾದ ಕೊಡುವ ಹಾಗೆ.

ಮೊದಲ ದಿನ ಅಮ್ಮ ಕೇಳಿದ್ದು ಒಂದೇ ಮಾತು, "ನಿನಗೆ ನನ್ನಿಂದ ಬಂತಾ?" ಏನು ಹೇಳಬೇಕೋ ತೋಚಲಿಲ್ಲ. "ನಿಮಗೆ ಅಜ್ಜಿಯಿಂದ ಬಂದಿದೆ, ಅಜ್ಜಿಗೆ ಇನ್ಯಾರಿಂದಲೋ" ಅಂದೆ.

ಈಗ ಇನ್ನೊಂದು ಕಷ್ಟ. ಅಮ್ಮನಿಗೆ ಇಬ್ಬರು ತಂಗಿಯರು. ದೊಡ್ಡ ಚಿಕ್ಕಮ್ಮ ಅರಸೀಕೆರೆಯಲ್ಲಿ. ಪರೀಕ್ಷೆ ಮಾಡಿಸಿ ಅಂದರೆ "ನನಗೇನಾಗಿದೆ? ಊರಿಗೆಲ್ಲ ಗೊತ್ತಾದರೆ ಮಗಳ ಮದುವೆ ಹೇಗೆ ಮಾಡಲಿ?" ಅಂತ ಫೋನ್ ಇಟ್ಟುಬಿಟ್ಟರು. ಹೇಗೆ ಹೇಳಲಿ?

ಪುಟ್ಟಿಯ ಅಮ್ಮ · ಅದೇ ದಿನ

ನೀವು ಹೇಳಬೇಡಿ, ಗಂಡುಮಕ್ಕಳು ಹೇಳಿದರೆ ಕೇಳಲ್ಲ. ಅಮ್ಮನ ಕೈಯಲ್ಲಿ ಹೇಳಿಸಿ. ಮಗಳಿಗೆ ಮದುವೆಗೆ ಮೊದಲೇ ಪರೀಕ್ಷೆ ಮಾಡಿಸಿ, ಬೇಕಿದ್ದರೆ ಲಸಿಕೆ ಕೊಡಿಸಿದರೆ ಅವಳಿಗೇ ಒಳ್ಳೆಯದು. ನನಗೆ ಹಾಗೆ ಹೇಳುವವರು ಇರಲಿಲ್ಲ.

ಸಾಗರದ ತೋಟ · ಅದೇ ದಿನ

ಊರಿನಲ್ಲಿ ಮಾಡಿಸುವುದು ಬೇಡ ಅಂದರೆ ಹಾಸನಕ್ಕೆ ಕರೆಸಿ. ಅಕ್ಕನನ್ನು ನೋಡಲು ಬಂದೆ ಅಂದರೆ ಯಾರು ಕೇಳುತ್ತಾರೆ?

ರಾಯಚೂರು ಬಿಸಿಲು · ಅದೇ ದಿನ

ಇದನ್ನೆಲ್ಲ ಓದಿ ನಾನೂ ಮಾಡಿಸಿದೆ. ಮೂರೂ ನೆಗೆಟಿವ್. ಅಂದರೆ ಕಾಯಿಲೆಯೂ ಇಲ್ಲ, ರಕ್ಷಣೆಯೂ ಇಲ್ಲ ಅಲ್ವಾ ಮೇಷ್ಟ್ರೇ? ಇವತ್ತು ಮೊದಲ ಡೋಸ್. ಒಂದು ತಿಂಗಳಿಗೆ ಎರಡನೆಯದು, ಆರನೇ ತಿಂಗಳಿಗೆ ಮೂರನೆಯದು ಅಂದರು. ಭಾವನನ್ನೂ ಡಿಎನ್‌ಎ ಪರೀಕ್ಷೆಗೆ ಕರೆದುಕೊಂಡು ಹೋಗುತ್ತಿದ್ದೇನೆ. 15 ವರ್ಷದಲ್ಲಿ ಒಂದು ಸಲವೂ ಮಾಡಿಸಿಲ್ಲವಂತೆ.

ಲ್ಯಾಬ್ ಮೇಷ್ಟ್ರು · ಅದೇ ದಿನ

ಹೌದು, ಸರಿಯಾಗಿ ಓದಿದ್ದೀರಿ. ಲಸಿಕೆ ಹಾಕಿಸಿಕೊಂಡ ಮೂರು ವಾರದೊಳಗೆ ಎಚ್‌ಬಿಎಸ್‌ಎಜಿ ಪರೀಕ್ಷೆ ಮಾಡಿಸಬೇಡಿ, ಲಸಿಕೆಯ ಪ್ರೋಟೀನೇ ಪಾಸಿಟಿವ್ ತೋರಿಸಬಹುದು. ಹೇಮಾವತಿಯವರ ಮನೆಯವರಿಗೂ ಇದು ಅನ್ವಯ. ಮೂರನೇ ಡೋಸ್ ಆಗಿ ಒಂದೆರಡು ತಿಂಗಳಿಗೆ ಅವರ ಆಂಟಿ ಎಚ್‌ಬಿಎಸ್ ನೋಡಿಸಿ.

ಹೇಮಾವತಿ ದಡ · 2 ದಿನಗಳ ನಂತರ

ಅಮ್ಮನೇ ಫೋನ್ ಮಾಡಿದರು. ನಾನು ಪಕ್ಕದ ಕೋಣೆಯಲ್ಲಿದ್ದೆ. ಬಹಳ ಹೊತ್ತು ತಮ್ಮನ ಬಗ್ಗೆಯೇ ಮಾತಾಡಿದರು. ಕೊನೆಯ ದಿನಗಳಲ್ಲಿ ಆಸ್ಪತ್ರೆಯಲ್ಲಿ ಯಾರು ಕೂತಿದ್ದರು, ಹೊಟ್ಟೆಯಿಂದ ಎಷ್ಟು ಸಲ ನೀರು ತೆಗೆದರು. ಆಮೇಲೆ "ಅವನಿಗೆ ಯಾರೂ ಹೇಳಲಿಲ್ಲ, ನಿನಗೆ ನಾನು ಹೇಳುತ್ತಿದ್ದೇನೆ" ಅಂದರು. ಸೋಮವಾರ ಇಬ್ಬರು ಚಿಕ್ಕಮ್ಮಂದಿರೂ ಮಕ್ಕಳನ್ನು ಕರೆದುಕೊಂಡು ಬರುತ್ತಾರೆ. ಐದು ಜನ.

ಮೇಷ್ಟ್ರೇ, ಬೆಳಿಗ್ಗೆ ಆರೂವರೆ ಬಸ್ಸಿಗೆ ಹೊರಡುತ್ತಾರಂತೆ. ಖಾಲಿ ಹೊಟ್ಟೆಯಲ್ಲಿ ಬರಬೇಕಾ?

ಲ್ಯಾಬ್ ಮೇಷ್ಟ್ರು · ಅದೇ ದಿನ

ಈ ಮೂರು ಪರೀಕ್ಷೆಗೆ ಬೇಡ. ತಿಂಡಿ ತಿಂದೇ ಬರಲಿ.